ಎರಡೂ ಕಡೆಗೆ ಸಲ್ಲದ ಮೇಷ್ಟ್ರು

ನಮ್ಮ ಮಾನವಶಾಸ್ತ್ರದ ಮೇಷ್ಟ್ರು ಧರ್ಮವನ್ನೂ ಬಿಡುವವರಲ್ಲ, ಧರ್ಮನಿರಪೇಕ್ಷತೆಯನ್ನೂ ಬಿಡುವವರಲ್ಲ. ಎರಡನ್ನೂ ಒಂದೇ ಒರೆಗಲ್ಲಿಗೆ ಹಚ್ಚುತ್ತಾರೆ. ಹೀಗಾಗಿ ಆಸ್ತಿಕರಿಗೆ ಅವರು ನಾಸ್ತಿಕ, ನಾಸ್ತಿಕರಿಗೆ ಗುಟ್ಟಿನ ಭಕ್ತ. ಅರ್ಜಿಯಲ್ಲಿ ‘ಧರ್ಮ’ ಎಂಬ ಕಾಲಂ ಕಂಡರೆ ಸಾಕು, ಗುಮಾಸ್ತರನ್ನು ಕೂರಿಸಿಕೊಂಡು ಆ ಕಾಲಂ ಹುಟ್ಟಿದ ಕಥೆ ಶುರು ಮಾಡುತ್ತಾರೆ. ಗುಮಾಸ್ತರು, "ಸಾರ್, ನನಗೆ ಹಸಿವಾಗ್ತಿದೆ," ಅಂದಾಗಲೇ ಅದಕ್ಕೆ ಮುಕ್ತಾಯ. ಹೋದ ವರ್ಷ ಮೇಷ್ಟ್ರ ಹೆಂಡತಿಗೆ ಹೃದಯದ ಆಪರೇಷನ್ ಆಯಿತು. ಒಳಗೆ ಕರೆದೊಯ್ಯುವಾಗ ಆಕೆ, "ರೀ, ನನಗೋಸ್ಕರ ಒಂದ್ಸಲ ಪ್ರಾರ್ಥನೆ ಮಾಡ್ತೀರಾ?" ಎಂದರು. "ನನಗೆ ಬರಲ್ಲ ಕಣೇ, ನೀನೇ ಹೇಳಿಕೊಡು," ಎಂದ ಮೇಷ್ಟ್ರು ಸ್ಟ್ರೆಚರಿನ ಪಕ್ಕದಲ್ಲಿ ನಡೆಯುತ್ತ ಒಂದೊಂದೇ ಮಾತನ್ನು ಆಕೆ ಹೇಳಿಕೊಟ್ಟಂತೆ ಹೇಳಿದರು. ಪ್ರಾರ್ಥನೆ ಅರ್ಧವಾಗುವಷ್ಟರಲ್ಲೇ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತು. ಕಲಿತ ಅರ್ಧವನ್ನೇ ಹೇಳುತ್ತ ಮೂರು ಗಂಟೆ ಅಲ್ಲೇ ನಿಂತಿದ್ದರು. ಎಚ್ಚರವಾದ ಹೆಂಡತಿಯನ್ನು ಮೊದಲು ಕೇಳಿದ್ದು, "ಆಮೇಲಿನ ಸಾಲು ಏನು, ಹೇಳು."