ಮಡುವಿನ ಹೊಲ

ಹಿಮ್ಮಡಿ ಒಡೆದ ಅಗಲವಾದ ಪಾದಗಳು ಅವರವು. ನಿವೇಶನ ತೋರಿಸಲು ಹೋದಾಗ ಚಪ್ಪಲಿ ಕಳಚಿ, ಬರಿಗಾಲನ್ನು ಮಣ್ಣಿಗೊತ್ತಿ, ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಹೊಸಪೇಟೆಯಲ್ಲಿ ಆಗ ಮನೆ ದಲ್ಲಾಳಿಗಳಿಗೆ ಬರವಿರಲಿಲ್ಲ. ಮಣ್ಣಿನ ಮಾತು ಕೇಳುತ್ತಿದ್ದವರು ಇವರೊಬ್ಬರೇ.

ಅದಿರಿನ ಲಾರಿಗಳು ಊರನ್ನೆಲ್ಲ ಕೆಂಪಾಗಿಸಿದ್ದ ಕಾಲ. ಗಣಿ ಕಂಪನಿಯವರು ದುಪ್ಪಟ್ಟು ಬಾಡಿಗೆ ಕೊಡುತ್ತಾರೆಂದು ನಮ್ಮ ಮನೆ ಮಾಲೀಕರು ಖಾಲಿ ಮಾಡಿ ಎಂದರು. ಮೇಷ್ಟ್ರ ಸಂಬಳದವನು ಎಲ್ಲಿಗೆ ಹೋಗಲಿ? ಸ್ವಂತ ಸೂರು ಮಾಡಿಕೊಳ್ಳೋಣವೆಂದು ಈ ದಲ್ಲಾಳಿಯವರ ಹಿಂದೆ ಸುತ್ತಿದೆವು.

ಒಂದು ಸಂಜೆ, ಬಾಳೆತೋಟ ಕಡಿದು ಮಾಡಿದ ಬಡಾವಣೆಗೆ ಬಂದೆವು. ಮಾದರಿಗೆಂದು ನೆಲದ ಮೇಲೆ ಸುಣ್ಣದಲ್ಲಿ ಮನೆಯ ಗೆರೆ ಎಳೆದಿದ್ದರು. ನನ್ನ ಹೆಂಡತಿ ಇಲ್ಲದ ಬಾಗಿಲಿನಿಂದಲೇ ಒಳಗೆ ಹೋಗಿ, ಇಲ್ಲದ ಅಡುಗೆಮನೆಯಲ್ಲಿ ನಿಂತು ನಕ್ಕಳು. ನಾನೂ ಇಲ್ಲದ ಕಿಟಕಿಯಿಂದ ಗುಡ್ಡ ನೋಡುತ್ತ ನಿಂತುಬಿಟ್ಟೆ. ಬೆಳ್ಳಕ್ಕಿಗಳು ನಮ್ಮ ಮಾಳಿಗೆಯ ಮೇಲೆ ಹಾದುಹೋದವು. ಅಷ್ಟು ಚಂದದ ಮನೆಯಲ್ಲಿ ನಾನು ಮತ್ತೆಂದೂ ಇದ್ದಿಲ್ಲ.

ದಲ್ಲಾಳಿಯವರು ಪಕ್ಕದ ತೋಟದಲ್ಲಿ ಕಳೆ ಕೀಳುತ್ತಿದ್ದ ಮುದುಕಿಯನ್ನು ಕೇಳಿದರು: “ಯವ್ವಾ, ಈ ಹೊಲಕ್ಕ ಮೊದ್ಲು ಏನಂತಿದ್ರು?”

“ಮಡುವಿನ ಹೊಲ ಅಂತಿದ್ರಪ್ಪ.”

ಮಡು ಎಂದರೆ ನೀರು ನಿಲ್ಲುವ ಆಳದ ಜಾಗ. “ಇದು ಬ್ಯಾಡ್ರಿ ಮೇಷ್ಟ್ರೇ, ನಡೀರಿ” ಎಂದರು.

“ಬಡಾವಣೆಗೆ ಈಗ ದೇವಿ ಹೆಸ್ರು ಇಟ್ಟಾರಲ್ರಿ” ಎಂದು ಕೆಣಕಿದೆ.

“ನಾವು ಹೆಸ್ರು ಬದ್ಲು ಮಾಡಿದ್ದು ನೀರಿಗೆ ಗೊತ್ತಾಗಂಗಿಲ್ರಿ.”

ಬೇರೆ ಕಡೆ ಹೆಚ್ಚು ಕಮಿಷನ್ ಸಿಗುತ್ತದೇನೋ ಎಂದು ಅವರನ್ನೇ ಅನುಮಾನಿಸಿದೆ. ನೆನೆದರೆ ಈಗಲೂ ನಾಚಿಕೆ. ಇನ್ನೊಬ್ಬ ದಲ್ಲಾಳಿಯನ್ನು ಹಿಡಿದು ಆ ಜಾಗವನ್ನೇ ಕೊಂಡು ಮನೆ ಕಟ್ಟಿದೆ.

ಮೂರನೆಯ ವರ್ಷ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಒಂದು ಮಧ್ಯಾಹ್ನ ಮನೆಯೊಳಗೆ ಸೊಂಟಮಟ್ಟ ನೀರು. ಅಕ್ಕಿ ಡಬ್ಬಿ ಕೋಣೆಯಿಂದ ಕೋಣೆಗೆ ನಿಧಾನವಾಗಿ ತೇಲುತ್ತಿತ್ತು. ಮೊದಲು ಓಡಿಬಂದವರು, ಈ ಜಾಗ ಬೇಡವೆಂದಿದ್ದ ಆ ದಲ್ಲಾಳಿಯವರೇ. ನಮ್ಮ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ದಾಟಿಸಿದರು. ‘ಮಾಡಿದ್ದುಣ್ಣೋ ಮಹರಾಯ’ ಎನ್ನುತ್ತಾರೆಂದು ಕಾದೆ; ಅನ್ನಲಿಲ್ಲ. ಹನ್ನೆರಡು ದಿನ ಅವರ ಮನೆಯ ರೊಟ್ಟಿ ತಿಂದೆವು.

ಗೋಡೆಯ ಕಲೆಗಳಿಗೆ ಬಣ್ಣ ಬಳಿದ ಮೇಲೆ, ಮನೆ ಮಾರಿಸಿಕೊಡಿ ಎಂದು ಅವರನ್ನೇ ಕೇಳಿದೆ.

“ಮಾರಿಸ್ತೀನ್ರಿ. ಆದ್ರ ತಗೊಳ್ಳೋರಿಗೆ ಹೊಲದ ಹೆಸ್ರು ಹೇಳೇ ಮಾರಿಸ್ತೀನಿ.”

“ಹಂಗಂದ್ರ ಯಾರು ತಗೋತಾರ್ರಿ?”

ಅವರು ನನ್ನ ಮುಖವನ್ನೇ ನೋಡಿದರು. “ಅಲ್ರೀ, ಅವ್ರಿಗೂ ಮಕ್ಳಿರ್ತಾವ.”

ಮನೆ ಮಾರಾಟವಾಗಲಿಲ್ಲ. ಅವರೇ ಮುಂದೆ ನಿಂತು ನೆಲ ಎತ್ತರಿಸಿಕೊಟ್ಟರು, ಅಲ್ಲೇ ಉಳಿದೆವು.

ಅವರು ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರು ನಮ್ಮ ಮನೆ ಕೊಳ್ಳಲು ಬಂದರು. ಆಕೆ ಬಸುರಿ. ಕೇಳಿದ ಬೆಲೆಗೆ ಒಪ್ಪಿದರು. ಒಳ್ಳೆಯ ಸುಳ್ಳೊಂದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬಾಯಿಂದ ಹೊರಟಿದ್ದು ಆ ಮಧ್ಯಾಹ್ನದ ನೀರಿನ ಕಥೆ. ಅವರು ಚಹಾದ ಕಪ್ಪು ಕೆಳಗಿಟ್ಟು, ಕೈಮುಗಿದು ಎದ್ದರು. ಮಳೆಗಾಲದಲ್ಲಿ ಈಗಲೂ ನಮಗೆ ಎದೆ ಹೊಡೆದುಕೊಳ್ಳುತ್ತದೆ. ಆದರೂ ಈ ಮನೆಯಲ್ಲಿ ನಾನು ನಿದ್ದೆ ಮಾಡುತ್ತೇನೆ. ಆ ನಿದ್ದೆ ದಲ್ಲಾಳಿಯವರು ಕೊಟ್ಟಿದ್ದು.