ಮೋಹದ ಗುಂಡಿಯ ಕಾವಲುಗಾರ

ಒಹಾಯೋದ ಟಿಪ್ಟನ್ ಕ್ರೀಕ್ ಊರಿನಲ್ಲಿ ಕಾರಿನೊಳಗೇ ಕೂತು ನೋಡುವ ಬಯಲು ಸಿನಿಮಾ ಒಂದಿತ್ತು. ಒಡತಿ ಹೇಜಲ್ ಕ್ರಾಂಟ್ಜ್ ತನ್ನ ಕಸುಬಿನವರ ರೂಢಿಯಂತೆ ಅದನ್ನು ಓಜೋನರ್ ಎನ್ನುತ್ತಿದ್ದಳು. ಊರಿಗೆಲ್ಲ ಅದು ಬರೀ ಸಿನಿಮಾ. ೧೯೫೪ರ ಬೇಸಿಗೆಯಲ್ಲಿ ವಿಮೆ ಮಾರುವ ಹಾರ್ಲನ್ ಪ್ರೂಯಿಟ್ ಕತ್ತಲಲ್ಲಿ ಜೋಡಿಗಳು ಮುದ್ದಾಡುವ ಇಂಥ ಸಿನಿಮಾಗಳಿಗೆ 'ಪ್ಯಾಷನ್ ಪಿಟ್', ಅಂದರೆ ಮೋಹದ ಗುಂಡಿ, ಎನ್ನುತ್ತಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿ ಚರ್ಚಿನಲ್ಲಿ ಎದ್ದು ನಿಂತು ಗುಡುಗಿದ. ಮುಂದಿನ ಶನಿವಾರ ಅಕ್ಕಪಕ್ಕದ ಮೂರು ಊರುಗಳ ಕಾರುಗಳು ಗೇಟಿನ ಮುಂದೆ ಸಾಲುಗಟ್ಟಿದವು. ಹೇಜಲ್‌ಗೆ ಇಂಥ ಪುಗಸಟ್ಟೆ ಪ್ರಚಾರ ಹಿಂದೆಂದೂ ಸಿಕ್ಕಿರಲಿಲ್ಲ.

ಚರ್ಚಿನಲ್ಲಿ ಹಾರ್ಲನ್‌ನದು ಡೀಕನ್ ಎಂಬ ಸಣ್ಣ ಹುದ್ದೆ. ಹಿರಿಯರ ಬೆಂಚಿನಲ್ಲಿ ಕೂರಬೇಕೆಂಬುದೊಂದೇ ಅವನ ಜನ್ಮದ ಆಸೆ. ಅದಕ್ಕಾಗಿ ಅವನು ಪ್ರತಿ ಶನಿವಾರ ಗುಂಡಿಯ ಬೇಲಿಯಾಚೆ ನಿಂತು ಪಾಪಗಳನ್ನು ಎಣಿಸುತ್ತಿದ್ದನಂತೆ. ಹಾಗೆಂದು ಹೇಳಿದವನೂ ಅವನೇ, ನಂಬಿದವಳು ಅವನ ಹೆಂಡತಿ ಎಡ್ನಾ.

ಚರ್ಚಿನ ಹಿರಿಯರನ್ನು ಆರಿಸುವ ಚುನಾವಣೆಯ ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳಲು ಎಡ್ನಾ ಮುಂಚೆಯೇ ನಡೆದು ಹೋಗಿದ್ದಳು. ಹಾರ್ಲನ್ ಠೀವಿಯಿಂದ ಬಂದು ಚರ್ಚಿನ ಮೆಟ್ಟಿಲ ಎದುರೇ ಕಾರು ನಿಲ್ಲಿಸಿದ. ಪಾಠ ಮುಗಿಸಿ ಬಂದಿದ್ದ ಎಡ್ನಾ, ಹೇಜಲ್, ಮೆಟ್ಟಿಲ ಮೇಲಿದ್ದ ಉಳಿದವರು ಎಲ್ಲರೂ ಕಾರಿನತ್ತ ತಿರುಗಿದರು. ಅವನಿಂದ ಆಚೆ ಬದಿಯ, ಮೆಟ್ಟಿಲ ಕಡೆಯ ಕಿಟಕಿಗೆ ಹೇಜಲ್‌ಳ ಸಿನಿಮಾದ ತಗಡಿನ ಸ್ಪೀಕರ್ ನೇತಾಡುತ್ತಿತ್ತು, ಕಂಬದಿಂದ ಕಿತ್ತುಬಂದ ತಂತಿ ನೆಲ ಗುಡಿಸುತ್ತಿತ್ತು. ಸಿನಿಮಾದ ಮಾತು ಕೇಳಲು ಕಿಟಕಿಗೆ ತಗಲಿಸಿಕೊಂಡ ಸ್ಪೀಕರನ್ನು ಹೊರಡುವ ಮುಂಚೆ ಮತ್ತೆ ಅದರ ಕಂಬಕ್ಕೆ ಸಿಕ್ಕಿಸಬೇಕೆಂಬುದು ಆ ಊರಿನ ಎಳೆಮಕ್ಕಳಿಗೂ ಗೊತ್ತು. ಕದ್ದು ಹೋಗಿ ಕದ್ದು ಬರುವವರ ಅವಸರಕ್ಕೆ ಅದೆಲ್ಲಿ ನೆನಪಿರುತ್ತದೆ?

"ಡೀಕನ್ರೇ, ಕೊನೇ ಸಾಲಿನ ಸ್ಪೀಕರ್ ಕಾಣ್ತಿಲ್ಲ ಅಂತ ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ. ನೀವೇ ತಂದುಕೊಟ್ರಲ್ಲ, ಪುಣ್ಯ ಬರ್ಲಿ!" ಎಂದಳು ಹೇಜಲ್.

ಹಾರ್ಲನ್‌ನ ಕಣ್ಣು ಆಗಷ್ಟೇ ಸ್ಪೀಕರಿನ ಮೇಲೆ ಬಿತ್ತು. ಆದರೂ ಬಾಯಿ ಸೋಲಲಿಲ್ಲ. "ಸಾಕ್ಷಿ ಕಣಮ್ಮಾ! ಸಭೆಗೆ ತೋರಿಸೋಕೆ ಅಂತಾನೇ ತಂದಿದ್ದು!"

"ಹಾಗಾದ್ರೆ ಮೂರು ವಾರದಿಂದ ಅದೇ ಸಾಲಿನ ಟಿಕೆಟ್ ತಗೊಂಡಿದ್ದೂ ಸಾಕ್ಷಿಗೇನಾ?"

ಯಾರೋ ಕಿಸಕ್ಕನೆ ನಕ್ಕರು. ಹಿರಿಯರ ಬೆಂಚು ಅಲ್ಲಿಗೇ ಕೈತಪ್ಪಿತೆಂದು ಅವನಿಗೆ ತಿಳಿಯಿತು. ಹೋಗಲಿ, ಮನೆಯಾದರೂ ಉಳಿಯಲಿ ಎಂದು ಅವನು ಹೆಂಡತಿಯತ್ತ ತಿರುಗಿದ. "ಎಡ್ನಾ, ದೇವರಾಣೆ, ನಾನೊಬ್ನೇ ಹೋಗಿದ್ದು."

ಎಡ್ನಾ ಆ ಸ್ಪೀಕರನ್ನೇ ನೋಡುತ್ತಿದ್ದಳು.

"ಒಬ್ನೇ ಹೋದೋನು ನಿನ್ನ ಕಿವಿ ಹತ್ರ ಹಾಕ್ಕೋಬೇಕಿತ್ತಪ್ಪಾ," ಎಂದಳು. "ಇದು ನಾನು ಕೂರೋ ಕಡೆ ಕಿಟಕಿ."