ಬೆಲೆ ಏರದ ಕಾಫಿಪುಡಿ

ನನ್ನ ಅಕ್ಕನದು ಅಂಗಡಿ ಅಂಗಡಿ ತಿರುಗಿ ಬೆಲೆ ಬರೆದುಕೊಳ್ಳುವ ಸರ್ಕಾರಿ ಕೆಲಸ. ಬೆಲೆ ಏರಿತೋ ಇಳಿಯಿತೋ ಎಂದು ತಿಂಗಳಿಗೊಮ್ಮೆ ಲೆಕ್ಕ ಹಾಕುವುದು ಇಂಥವರ ಹಾಳೆಗಳಿಂದಲೇ. ಹತ್ತೊಂಬತ್ತು ವರ್ಷದಿಂದ ಅವೇ ಅಂಗಡಿಗಳು, ಅವೇ ಸಾಮಾನುಗಳು. ಪೊಟ್ಟಣದ ತೂಕವನ್ನೂ ಓದಿ ಬರೆಯಬೇಕೆಂಬುದು ನಿಯಮ. ಅಕ್ಕ ಮಾತ್ರ ಹಿಂದಿನ ತಿಂಗಳ ಹಾಳೆ ನೋಡಿ ತೂಕವನ್ನು ಮನೆಯಲ್ಲೇ ತುಂಬಿಕೊಂಡು, ಅಂಗಡಿಯಲ್ಲಿ ಬೆಲೆಯಷ್ಟೇ ಬರೆಯುತ್ತಿದ್ದಳು. ಅವಳೊಬ್ಬಳನ್ನೇ ಬೈದೇನು ಫಲ, ಆ ಕಚೇರಿಯಲ್ಲಿ ಎಲ್ಲರದೂ ಅದೇ ಹಾಡು.

ಬೆಲೆಯ ವಿಷಯದಲ್ಲಿ ಅವಳೆದುರು ಬಾಯಿ ಬಿಡುವಂತಿರಲಿಲ್ಲ. ನಾನಂತೂ ಆ ತಂಟೆಗೇ ಹೋಗುತ್ತಿರಲಿಲ್ಲ.

ಈ ವರ್ಷ ಅವಳ ಮನೆಯಲ್ಲಿ ತಿಂಗಳಿಡೀ ಬರಬೇಕಿದ್ದ ಕಾಫಿಪುಡಿ ಇಪ್ಪತ್ತನಾಲ್ಕು ದಿನಕ್ಕೇ ಮುಗಿಯತೊಡಗಿತು. ಮತ್ತೊಂದು ಪೊಟ್ಟಣ ತಂದು ತಂದು ಮನೆಖರ್ಚಿನ ಲೆಕ್ಕ ತಪ್ಪಿತು.

"ಬೆಲೆ ಒಂದು ಪೈಸೆ ಏರಿಲ್ಲ, ನನ್ನ ಕೈಯಾರೆ ಬರೀತೀನಿ. ಅಂದ್ಮೇಲೆ ಮನೇಲೇ ಪೋಲಾಗ್ತಿದೆ" ಎಂದಳು ಅಕ್ಕ.

ಹಗಲು ಮನೆಯಲ್ಲಿರುವವರು ಅವಳ ಅತ್ತೆ ಒಬ್ಬರೇ.

"ಅತ್ತೆ, ನಾವಿಲ್ಲದಾಗ ಎಷ್ಟು ಸಲ ಕಾಫಿ ಮಾಡ್ಕೋತೀರಿ?"

"ಒಂದೇ ಸಲ ಕಣಮ್ಮ."

"ಕುಡಿದಿದ್ದು ಮರೆತು ಮತ್ತೆ ಮತ್ತೆ ಕುಡೀತಿರಬೇಕು ನೋಡಿ."

ಆಡಿದ್ದು ಇಷ್ಟೇ ಮಾತು. ಆದರೆ ಭಾವ ಅದನ್ನೇ ತಲೆಗೆ ಹಚ್ಚಿಕೊಂಡರು. ಅಮ್ಮ ಒಲೆ ಹಚ್ಚಿ ಮರೆತರೆ ಗತಿಯೇನು ಎಂದು ಹೆದರಿ ವೃದ್ಧಾಶ್ರಮ ನೋಡಿಬಂದರು. ಸೋಮವಾರ ಕರೆದೊಯ್ಯುವುದೆಂದಾಯಿತು. ನಾನು ಜಗಳ ಕಾದೆ. "ಜೊತೇಲಿರೋರಿಗೆ ಗೊತ್ತು ಕಷ್ಟ, ನೀನು ಸುಮ್ನಿರೆ" ಎಂದು ಅಕ್ಕ ಬಾಯಿ ಮುಚ್ಚಿಸಿದಳು.

ಶುಕ್ರವಾರ ಹೊಸ ಮೇಲಧಿಕಾರಿ ಪ್ರತಿ ಪೊಟ್ಟಣದ ಹಿಂಬದಿಯ ಫೋಟೊ ಬೇಕೆಂದರು. ಗೊಣಗುತ್ತಲೇ ಅಕ್ಕ ಅಂಗಡಿಯಲ್ಲಿ, ಮನೆಗೂ ತರುತ್ತಿದ್ದ ಅದೇ ಕಾಫಿಪುಡಿಯ ಪೊಟ್ಟಣ ತಿರುಗಿಸಿದಳು. ನಾನೂರು ಗ್ರಾಂ. ಅವಳ ಹಾಳೆಯಲ್ಲಿ ಐನೂರು. ಬಣ್ಣ, ಎತ್ತರ, ಬೆಲೆ ಎಲ್ಲ ಹಿಂದಿನಂತೆಯೇ ಇದ್ದವು.

"ಯಾವಾಗಿಂದ ಹೀಗೆ?"

"ಎಂಟು ತಿಂಗಳಾಯ್ತಲ್ಲ ಮೇಡಂ. ನೀವೇ ಬರ್ಕೊಂಡು ಹೋಗ್ತಿದ್ರಿ, ಗೊತ್ತಿರತ್ತೆ ಅಂದ್ಕೊಂಡೆ" ಎಂದ ಅಂಗಡಿಯವ.

ಅಕ್ಕ ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತು ನನಗೆ ಫೋನ್ ಮಾಡಿದಳು. ಎಂಟು ತಿಂಗಳು ಇವಳೇ ಬರೆದ ಸುಳ್ಳನ್ನು ನಂಬಿ, ನೆಟ್ಟಗಿದ್ದ ಮುದುಕಿಗೆ ಮರೆವು ಅಂಟಿಸಿದ್ದಳಲ್ಲ!

ಇಬ್ಬರೂ ಮನೆಗೆ ಓಡಿದೆವು. ಅತ್ತೆ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದರು. ಅಕ್ಕ ಪೊಟ್ಟಣ ತೋರಿಸಿ, ನಡೆದದ್ದೆಲ್ಲ ಹೇಳಿ, ಅವರ ಕೈ ಹಿಡಿದು ಅತ್ತಳು.

"ತಪ್ಪಾಯ್ತು ಅತ್ತೆ. ನಿಮಗೆ ಯಾವ ಮರೆವೂ ಇಲ್ಲ."

ಅತ್ತೆ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ತೂಕ ಓದಿದರು.

"ನೀನು ಹೇಳಿದ ಮೇಲೆ ಕಾಫಿ ಕುಡಿದಾಗೆಲ್ಲ ಕ್ಯಾಲೆಂಡರ್‌ನಲ್ಲಿ ಗೆರೆ ಎಳೀತಿದ್ದೆ ಕಣಮ್ಮ" ಎಂದರು. "ದಿನಕ್ಕೆ ಒಂದೇ ಗೆರೆ ಇರ್ತಿತ್ತು. ಗೆರೆ ಎಳೆಯೋದನ್ನೂ ಮರೀತಿದ್ದೀನಿ ಅಂದ್ಕೊಂಡೆ."